ಇನ್ನೂರ ಹನ್ನೆರಡನೇ ಪುಟದ ಅರ್ಧ ನಿಮಿಷ

ಬರೆಯಲು ಕೂತದ್ದು 2006 ಮಾರ್ಚ್ 12, ಭಾನುವಾರ, ಬೆಳಗ್ಗೆ 6.40.

ಅವರ ಕಿವಿಗಳು ಒಣಶುಂಠಿಯ ತುಂಡುಗಳಂತಿದ್ದವು. ಮಡಿಕೆಗಳೆಲ್ಲ ಊದಿ, ಒಂದಕ್ಕೊಂದು ಅಂಟಿ, ಗಟ್ಟಿಯಾಗಿ, ತೂತು ಎಲ್ಲಿದೆಯೆಂದು ಹುಡುಕಬೇಕಾಗಿತ್ತು. ತಲೆಗೆ ತಲೆ ಒತ್ತಿ ಒರಸಿ ಹಳೆಯ ಪೈಲ್ವಾನರ ಕಿವಿ ಹಾಗಾಗುತ್ತದೆ. ಆ ಕಿವಿಗಳ ಮೇಲೆ ಕನ್ನಡಕದ ಕಡ್ಡಿ ನಿಲ್ಲುತ್ತಿರಲಿಲ್ಲ. ಆದ್ದರಿಂದ ಕಡ್ಡಿಗಳ ತುದಿಗೆ ಲಾಡಿ ಕಟ್ಟಿ, ತಲೆಯ ಹಿಂದೆ ಗಂಟು ಹಾಕಿಕೊಳ್ಳುತ್ತಿದ್ದರು. ಮುಖ್ಯವಾದದ್ದನ್ನು ಕೇಳಬೇಕಾದಾಗ ಮಾತ್ರ ಆ ಗಂಟು ಬಿಚ್ಚಿ ಕನ್ನಡಕ ತೆಗೆಯುತ್ತಿದ್ದರು. ಕನ್ನಡಕ ಹಾಕಿಕೊಂಡರೆ ಕಿವಿ ಕೇಳಿಸುವುದಿಲ್ಲ ಎನ್ನುವುದು ಅವರ ನಂಬಿಕೆ.

ತುಮಕೂರಿನ ನಮ್ಮ ಬೀದಿಯಲ್ಲಿದ್ದ ಗರಡಿಮನೆಗೆ ಅವರು ಉಸ್ತಾದರು. ಹುಟ್ಟೂರು ಚೇಳೂರಿನ ಕಡೆಯ ಹಳ್ಳಿ. ಬೆಳಗ್ಗೆ ಮತ್ತು ಸಂಜೆ ಹುಡುಗರಿಗೆ ಸಾಮು ಕಲಿಸುವುದು, ನಡುವಿನ ಹೊತ್ತಿನಲ್ಲಿ ಜಗಲಿಯ ಮೇಲೆ ಕೂತು ಉಳುಕು ತೆಗೆಯುವುದು, ಮುರಿದ ಮೂಳೆ ಕೂರಿಸಿ ಬಿದಿರಿನ ಪಟ್ಟಿ ಕಟ್ಟುವುದು. ನಾನು ಅವರನ್ನು ತಾತ ಎನ್ನುತ್ತಿದ್ದೆ. ನಮ್ಮ ಮನೆ ಗರಡಿಯಿಂದ ಮೂರನೆಯದು. ಹಾಗಿದ್ದೂ ಅದರ ಒಳಗೆ ನಾನು ಒಮ್ಮೆಯೂ ಕಾಲಿಟ್ಟಿಲ್ಲ. ಹೆಂಗಸರು ಹೊಸ್ತಿಲು ದಾಟುವಂತಿರಲಿಲ್ಲ. ಹೊರಗಿನಿಂದ ಕಾಣುತ್ತಿದ್ದುದು ಕತ್ತಲು, ಆಂಜನೇಯನ ಮುಂದಿನ ದೀಪ, ಅದರ ಬೆಳಕು ಮುಟ್ಟಿದಷ್ಟು ಕೆಮ್ಮಣ್ಣು. ಕುಸ್ತಿ ಆಡುವ ಆ ಮಣ್ಣಿನ ಅಂಕಣಕ್ಕೆ ಮಟ್ಟಿ ಎನ್ನುತ್ತಾರೆ. ಎಣ್ಣೆ, ಮಜ್ಜಿಗೆ, ಅರಿಸಿನ ಕಲಸಿ ದಿನವೂ ಅದನ್ನು ಅಗೆದು ಹದ ಮಾಡುತ್ತಿದ್ದರು. ಅದರ ವಾಸನೆ ನಮ್ಮ ಅಡುಗೆಮನೆಯವರೆಗೂ ಬರುತ್ತಿತ್ತು.

1998ರ ಜುಲೈ 6ರಂದು, ನಾನು ಡಿಗ್ರಿಗೆ ಸೇರಿದ ಹೊಸದರಲ್ಲಿ, ಅವರು ನಮ್ಮ ಬಾಗಿಲಿಗೆ ಬಂದು ಅಮ್ಮನನ್ನು ಕೇಳಿದರು. ನಿಮ್ಮ ಹುಡುಗಿ ಇಂಗ್ಲಿಷ್ ಓದುತ್ತಾಳಂತಲ್ಲ, ಸ್ವಲ್ಪ ಕಳಿಸಿ ಎಂದು. ಅವರ ಕಂಕುಳಲ್ಲಿ ರಟ್ಟು ಹೋದ ಒಂದು ಪುಸ್ತಕವಿತ್ತು. ರದ್ದಿ ಅಂಗಡಿಯವನ ಮಣಿಕಟ್ಟು ಕೂರಿಸಿಕೊಟ್ಟಿದ್ದಕ್ಕೆ ಅವನು ಪ್ರೀತಿಯಿಂದ ಕೊಟ್ಟದ್ದು. ನಡುವೆ ಒಂದು ಚಿತ್ರವಿತ್ತು. ಬರಿಮೈಯ, ಬಿಗಿ ಚಲ್ಲಣದ ಇಬ್ಬರು ಬಿಳಿಯರು ಮುಷ್ಟಿ ಕಟ್ಟಿ ಎದುರುಬದುರು ನಿಂತಿದ್ದರು.

ಅದರಲ್ಲಿ ಒಬ್ಬನನ್ನು ತೋರಿಸಿ ಅವರು ಹೇಳಿದರು: "ಇವ್ನ ಕಾಲು ನೋಡವ್ವ. ಹೆಂಗೆ ಕೂರ್ಸವ್ನೆ ನೋಡು. ಇವ್ನು ನಮ್ಮೋನು. ಏನ್ ಬರ್ದವ್ರೆ ಇವ್ನ ಬಗ್ಗೆ ಅಂತ ತಿಳೀಬೇಕಲ್ಲ."

ನಾನು ಏಳನೇ ಕ್ಲಾಸಿನಿಂದ ಡೈರಿ ಬರೆಯುವವಳು. ತಾರೀಖು, ಗಂಟೆ, ಎಣಿಕೆ ಇಲ್ಲದೆ ನನಗೆ ಯಾವುದೂ ನಡೆದಂತೆಯೇ ಅನಿಸುವುದಿಲ್ಲ. ಅವತ್ತು ಮೊದಲು ಮಾಡಿದ ಕೆಲಸ ಪುಟ ಎಣಿಸಿದ್ದು. ಮೊದಲ ಹದಿನಾರು ಪುಟ ಇರಲಿಲ್ಲ. 17ರಿಂದ 212ರವರೆಗೆ, ಒಟ್ಟು 196. ಎಣಿಸುವಾಗ 212ರ ಕೊನೆಯ ಸಾಲು ಕಣ್ಣಿಗೆ ಬಿತ್ತು. ವಾಕ್ಯ ಅರ್ಧಕ್ಕೆ ನಿಂತಿತ್ತು. ಮುಂದೆ ಎಷ್ಟು ಪುಟ ಕಿತ್ತುಹೋಗಿವೆಯೋ ಗೊತ್ತಿಲ್ಲ. ಅದನ್ನು ಡೈರಿಯಲ್ಲಿ ಬರೆದುಕೊಂಡೆ, ಅವರಿಗೆ ಹೇಳಲಿಲ್ಲ. ಅಷ್ಟು ದೂರ ಓದುತ್ತೇವೆಂದು ನಾನು ಅಂದುಕೊಂಡಿರಲಿಲ್ಲ. ರಟ್ಟು ಮಾತ್ರ ಹೋಗಿದೆ ಎಂದು ಅವರು ತಿಳಿದಿದ್ದರು.

ಅದು ನೂರೈವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿದ್ದ ಒಬ್ಬ ಬಾಕ್ಸಿಂಗ್ ಚಾಂಪಿಯನ್ನನ ಕಥೆ. ಅವನ ಹೆಸರು ಕಳೆದುಹೋದ ಹದಿನಾರು ಪುಟಗಳಲ್ಲಿ ಇದ್ದಿರಬೇಕು. ಉಳಿದ ಕಡೆಯೆಲ್ಲ ಅವನನ್ನು 'ಚಾಂಪಿಯನ್' ಎಂದೋ, ಜನ ಕರೆಯುತ್ತಿದ್ದಂತೆ 'ಸುಣ್ಣ ಸುಡುವವನು' ಎಂದೋ ಬರೆದಿತ್ತು. ಹುಡುಗನಾಗಿದ್ದಾಗ ಸುಣ್ಣದ ಗೂಡಿನಲ್ಲಿ ಕೆಲಸಕ್ಕಿದ್ದನಂತೆ. ಉಸ್ತಾದರು ಎರಡನೆಯ ದಿನಕ್ಕೇ ಅವನನ್ನು ಸುಣ್ಣದಣ್ಣ ಮಾಡಿಕೊಂಡರು.

ಕಾಲೇಜು ಮುಗಿಸಿ ಬಂದು ಸಂಜೆ ಐದೂ ಕಾಲಿಗೆ ನಾನು ಹೊಸ್ತಿಲಿನ ಈಚೆ ಜಗಲಿಯ ಮೇಲೆ ಕೂರುತ್ತಿದ್ದೆ, ಅವರು ಹೊಸ್ತಿಲಿನ ಆಚೆ. ಹುಡುಗರೆಲ್ಲ ಸಾಮಿಗೆ ಸೇರುವವರೆಗೆ, ಅಂದರೆ ಆರರವರೆಗೆ, ಒಂದು ಪುಟವೋ ಎರಡು ಪುಟವೋ ಓದಿ ಕನ್ನಡದಲ್ಲಿ ಹೇಳುವುದು. ತೊಡೆಯ ಮೇಲೆ ಡಿಕ್ಷನರಿ. ಆದರೆ ಎಷ್ಟೋ ಮಾತುಗಳಿಗೆ ಡಿಕ್ಷನರಿಯಲ್ಲಿ ಅರ್ಥವಿರಲಿಲ್ಲ. ಆ ಕಾಲದ ಬಾಕ್ಸಿಂಗ್‌ನಲ್ಲಿ ಗುದ್ದುವುದರ ಜೊತೆಗೆ ಎತ್ತಿ ಎಸೆಯುವುದೂ ಇತ್ತು. ಅಂಥ ಒಂದು ಎಸೆತದ ಹೆಸರು ನನಗೆ ಏನು ಮಾಡಿದರೂ ತಿಳಿಯಲಿಲ್ಲ. ಮುಂದಿನ ನಾಲ್ಕು ಸಾಲು ಓದಿ, ಅವನು ಹೀಗೆ ತಿರುಗಿದ, ಇವನು ಅವನ ಬೆನ್ನ ಮೇಲಿಂದ ಹೋಗಿ ಬಿದ್ದ ಎಂದು ಹೇಳಿದೆ. ಉಸ್ತಾದರು ಎದ್ದು ಹೋಗಿ ಒಳಗಿದ್ದ ಒಬ್ಬ ಹುಡುಗನನ್ನು ಬಾಗಿಲ ಹತ್ತಿರ ಕರೆದು, ಅವನ ಕೈ ಹಿಡಿದು, ಸೊಂಟದ ಮೇಲೆ ಹೇರಿಕೊಂಡು, ಮಗುವನ್ನು ಮಲಗಿಸಿದಷ್ಟು ಮೆಲ್ಲಗೆ ಮಟ್ಟಿಯ ಮೇಲೆ ಹಾಕಿದರು. ಅರುವತ್ತೆಂಟು ವರ್ಷ ಆಗ ಅವರಿಗೆ.

"ಧೋಬಿ ಪಟ್ಟು ಇದು. ಬಟ್ಟೆ ಒಗ್ದಂಗೆ. ನಿನ್ ಡಿಕ್ಷನರಿ ಕುಸ್ತಿ ಆಡಿಲ್ಲ ಬುಡವ್ವ."

ಸುಣ್ಣದಣ್ಣ ಪಂದ್ಯಕ್ಕೆ ಮುಂಚೆ ತಿಂಗಳುಗಟ್ಟಲೆ ಮುಷ್ಟಿಗಳನ್ನು ಉಪ್ಪುನೀರಿನಲ್ಲಿ ನೆನೆಹಾಕುತ್ತಿದ್ದ ಎಂದು ಓದಿದ ದಿನ ಅವರು ನಗುತ್ತಲೇ ಇದ್ದರು. ಮಾವಿನಕಾಯಿ ಹಂಗೆ ಎಂದರು. ಮರುದಿನ ನಾನು ಹೋದಾಗ ಅವರ ಪಕ್ಕದಲ್ಲಿ ಒಂದು ಅಲ್ಯೂಮಿನಿಯಂ ಬೋಗುಣಿ ಇತ್ತು, ಎರಡೂ ಕೈ ಅದರಲ್ಲಿ ಮುಳುಗಿದ್ದವು.

ಓದಿನ ನಾಲ್ಕನೆಯ ವಾರ, ಜುಲೈ 29ರಂದು, ಆ ಆಟದ ನಿಯಮ ಬಂತು. ಒಬ್ಬ ನೆಲಕ್ಕೆ ಬಿದ್ದರೆ ಅಲ್ಲಿಗೆ ಆ ಸುತ್ತು ಮುಗಿಯಿತು. ಅವನ ಕಡೆಯ ಇಬ್ಬರು ಅವನನ್ನು ಮೂಲೆಗೆ ಹೊತ್ತುಕೊಂಡು ಹೋಗಬಹುದು. ಮೂವತ್ತು ಸೆಕೆಂಡು ಕಳೆದ ಮೇಲೆ ಕಾಲ ನೋಡುವವನು ಕೂಗುತ್ತಾನೆ. ಆಗ ಯಾರ ಆಸರೆಯೂ ಇಲ್ಲದೆ ಎದ್ದು ಬಂದು ಅಂಕಣದ ನಡುವಿನ ಗೆರೆಯ ಹತ್ತಿರ ನಿಂತರೆ ಮುಂದಿನ ಸುತ್ತು. ಬರಲಾಗದಿದ್ದರೆ ಸೋತಂತೆ.

ಉಸ್ತಾದರು ಲಾಡಿಯ ಗಂಟು ಬಿಚ್ಚಿ ಕನ್ನಡಕ ತೆಗೆದರು. ಇನ್ನೊಮ್ಮೆ ಓದಿಸಿದರು.

"ಬಿದ್ರೆ ಮುಗೀಲಿಲ್ವಾ?"

"ಇಲ್ಲ ತಾತ. ಆ ಸುತ್ತು ಮುಗೀತು, ಅಷ್ಟೆ."

"ಬೆನ್ನು ನೆಲಕ್ಕೆ ತಾಗಿದ್ರೂ?"

"ತಾಗಿದ್ರೂ."

ಅವರು ಒಳಗೆ ತಿರುಗಿ ಒಬ್ಬ ಹುಡುಗನಿಗೆ ಹೇಳಿದರು: "ಏನ್ಲಾ, ಬಾಗ್ಲತ್ರ ಬಂದು ಮಕಾಡೆ ಮಲ್ಕೊ. ಅವ್ವ, ನಿನ್ ವಾಚ್ ನೋಡ್ಕೊಂಡು ಹೇಳು, ಮೂವತ್ತು ಸೆಕೆಂಡು." ಹುಡುಗ ಮಲಗಿದ. ನಾನು ವಾಚು ನೋಡುತ್ತಾ ಕೂತೆ. ಗರಡಿಯಲ್ಲಿ ಗದೆ ತಿರುಗಿಸುತ್ತಿದ್ದವನೂ ನಿಲ್ಲಿಸಿದ. ಹೊರಗೆ ಒಂದು ಸೈಕಲ್ ಹೋಯಿತು, ಯಾರೋ ಬಾವಿಯಿಂದ ಕೊಡ ಎತ್ತಿದರು, ಆಂಜನೇಯನ ದೀಪ ಎರಡು ಸಲ ಅಲ್ಲಾಡಿತು. ಆಯಿತು ಎಂದು ನಾನು ಹೇಳಿದಾಗ ಅವರು ನಂಬಲಿಲ್ಲ. ಇನ್ನೊಮ್ಮೆ ಮಲಗಿಸಿದರು.

"ಅರ್ಧ ನಿಮಿಷ ಇಷ್ಟುದ್ದ ಇರುತ್ತೆ ಅಂತ ಯಾರೂ ನಂಗೆ ಹೇಳ್ಲಿಲ್ಲ ಕಣವ್ವ," ಎಂದರು.

ಅವತ್ತು ಓದು ಮುಂದೆ ಹೋಗಲಿಲ್ಲ. ಕುಣಿಗಲ್ಲಿನ ಪಂದ್ಯದ ಕಥೆಯನ್ನು ನಾನು ಮೊದಲ ಸಲ ಕೇಳಿದ್ದು ಅವತ್ತೇ. ಅವರಿಗಾಗ ಮೂವತ್ತೊಂದು ವರ್ಷ. ಅಲ್ಲಿಯವರೆಗೆ ಸೋತಿರಲಿಲ್ಲ. ಕೆರೆಯ ಹಿಂದಿನ ಬಯಲಿನಲ್ಲಿ ಅಖಾಡ, ಎದುರಾಳಿ ಅವರಿಗಿಂತ ಒಂಬತ್ತು ವರ್ಷ ಚಿಕ್ಕವನು. ಕುಸ್ತಿಯಲ್ಲಿ ಎರಡೂ ಹೆಗಲು ಒಟ್ಟಿಗೆ ನೆಲಕ್ಕೆ ತಾಗಿದರೆ ಸೋಲು, ಅದನ್ನು ಚಿತ್ ಎನ್ನುತ್ತಾರೆ. ಇವರ ಬಲ ಹೆಗಲು ತಾಗಿತ್ತು, ಎಡ ಹೆಗಲು ನಾಲ್ಕು ಬೆರಳಷ್ಟು ಮೇಲಿತ್ತು. ತೀರ್ಪು ಕೊಡುವವನು ಬಲಗಡೆ ಕೂತಿದ್ದ, ಅವನಿಗೆ ಕಾಣಲಿಲ್ಲ. ಶಿಳ್ಳೆ ಊದಿಬಿಟ್ಟ. ಜನ ಆ ಹುಡುಗನನ್ನು ಹೆಗಲ ಮೇಲೆ ಹೊತ್ತುಕೊಂಡರು. ಇವರು ಆವತ್ತು ಬಿಚ್ಚಿದ ಲಂಗೋಟಿಯನ್ನು ಪಂದ್ಯಕ್ಕೆಂದು ಮತ್ತೆ ಕಟ್ಟಲಿಲ್ಲ. ಬೀದಿಯಲ್ಲಿ ಎಲ್ಲರಿಗೂ ಈ ಕಥೆ ಗೊತ್ತಿತ್ತು. ಒಂದೇ ಹೆಗಲು ಎನ್ನುವುದು ಎಲ್ಲರ ಬಾಯಲ್ಲೂ ಇತ್ತು.

ನಾನು ಅವರ ಪಂದ್ಯಗಳನ್ನೂ ಪಟ್ಟಿ ಮಾಡಲು ಶುರುಮಾಡಿದೆ. ನಲವತ್ತು ಪಂದ್ಯ ಎನ್ನುತ್ತಿದ್ದರು. ಊರು, ಎದುರಾಳಿ, ಯಾವ ಪಟ್ಟು ಎಂದು ಒಂದೊಂದಾಗಿ ಕೇಳುತ್ತಾ ಬರೆದರೆ ಇಪ್ಪತ್ತಾರಕ್ಕೆ ನಿಂತಿತು. ಗೆದ್ದದ್ದು ಇಪ್ಪತ್ಮೂರು, ಸಮ ಎರಡು, ಕುಣಿಗಲ್ ಒಂದು. ಹದಿನಾಲ್ಕು ಪಂದ್ಯ ನುಂಗಿಹಾಕಿದೆ ಎಂದು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೆಯ ದಿನ ತಾವೇ ಬಂದು, ಸುಣ್ಣದಣ್ಣನದು ಎಷ್ಟಾಯಿತು ಎಂದು ಕೇಳಿದರು. ಕುಣಿಗಲ್ಲಿನ ಸಾಲಿನಲ್ಲಿ ನಾನು 'ಸೋಲು' ಎಂದು ಬರೆಯಲಿಲ್ಲ. ಒಂದು ಪ್ರಶ್ನೆಚಿಹ್ನೆ ಹಾಕಿ ತೋರಿಸಿದೆ. ಅವರು ಬೆರಳಿನಿಂದ ಅದನ್ನು ಮುಟ್ಟಿ ನೋಡಿದರು.

ಅವರ ಗರಡಿಯಲ್ಲಿ ಒಂದು ಪದ್ಧತಿ ಇತ್ತು. ಮಟ್ಟಿಯಲ್ಲಿ ಒಬ್ಬ ಬಿದ್ದಿದ್ದರೆ ಯಾರೂ ಹೊರಗೆ ಹೋಗುವಂತಿಲ್ಲ. ಕೆಡವಿದವನೇ ಕೈಕೊಟ್ಟು ಎಬ್ಬಿಸಬೇಕು, ಬಿದ್ದವನ ಹಣೆಗೆ ಮಣ್ಣು ಹಚ್ಚಬೇಕು, ಅವನು ಎರಡು ಕಾಲ ಮೇಲೆ ನಿಂತ ಮೇಲೆಯೇ ಉಳಿದವರು ಕದಲಬೇಕು. ಒಮ್ಮೆ ಒಬ್ಬ ಹುಡುಗ ಬಸ್ಸಿಗೆ ಹೊತ್ತಾಯಿತೆಂದು ಅದಕ್ಕೆ ಮುಂಚೆ ಹೊರಟದ್ದಕ್ಕೆ ಅವನನ್ನು ತಿಂಗಳು ಪೂರ್ತಿ ಒಳಗೆ ಸೇರಿಸಿರಲಿಲ್ಲ. ಈ ಪದ್ಧತಿಯನ್ನು ಅವರು ನಮ್ಮ ಓದಿಗೂ ತಂದರು. ಸುಣ್ಣದಣ್ಣ ಬಿದ್ದಿರುವ ಜಾಗದಲ್ಲಿ ನಾನು ಪುಸ್ತಕ ಮುಚ್ಚುವಂತಿಲ್ಲ. ಅಮ್ಮ ಊಟಕ್ಕೆ ಕೂಗಿದರೂ, ಮಳೆ ಹನಿದರೂ, ಅವನು ಎದ್ದು ಗೆರೆಯ ಹತ್ತಿರ ಬರುವವರೆಗೆ ಓದಬೇಕು. "ಬಿದ್ದೋನ್ನ ಬಿಟ್ಟು ಮನೇಗೆ ಹೋಗ್ತೀಯಾ?" ಎನ್ನುತ್ತಿದ್ದರು. ಕೆಲವು ದಿನ ಹಾಗೆ ನಾಲ್ಕು, ಐದು ಪುಟ ಆಗಿಬಿಡುತ್ತಿದ್ದವು.

ಹೀಗೆ ಒಂದೂವರೆ ವರ್ಷ ನಡೆಯಿತು. ಸುಣ್ಣದಣ್ಣ ಗಾಡಿ ಹೊಡೆಯುವವನೊಬ್ಬನನ್ನು ಸೋಲಿಸಿ ಶುರುಮಾಡಿದ, ಆ ಆಟಕ್ಕೆ ಅಲ್ಲಿ ನಿಷೇಧವಿದ್ದುದರಿಂದ ಪೊಲೀಸರಿಗೆ ಸಿಗದ ಹಾಗೆ ಬೆಳಕು ಹರಿಯುವ ಮುಂಚೆ ರೈಲು ಹತ್ತಿ ಇನ್ನೊಂದು ಜಿಲ್ಲೆಯ ಹೊಲದಲ್ಲಿ ಗುದ್ದಾಡಿದ, ಇಪ್ಪತ್ತೇಳನೇ ವಯಸ್ಸಿಗೆ ಚಾಂಪಿಯನ್ ಆದ. ಆಮೇಲೆ ಸರ್ಕಸ್ಸಿನ ಜೊತೆ ಊರೂರು ತಿರುಗಿ, ಕೈಗೆ ಹತ್ತಿಯ ಗವಸು ಹಾಕಿಕೊಂಡು ಆಟ ತೋರಿಸಿದ. ಆ ಅಧ್ಯಾಯ ಉಸ್ತಾದರಿಗೆ ಹಿಡಿಸಲಿಲ್ಲ. ಬೇಗ ಬೇಗ ಓದು ಎಂದರು. ಹದಿನಾಲ್ಕು ಪಂದ್ಯದಲ್ಲಿ ಹದಿಮೂರು ಗೆದ್ದಿದ್ದ, ಒಂದನ್ನು ಪೊಲೀಸರು ನಿಲ್ಲಿಸಿದ್ದರು. ನಲವತ್ತೊಂದನೇ ವಯಸ್ಸಿನಲ್ಲಿ, ಎಲ್ಲರೂ ಬೇಡವೆಂದರೂ ಕೇಳದೆ, ಇಪ್ಪತ್ತನಾಲ್ಕು ವರ್ಷದವನೊಬ್ಬನ ಮುಂದೆ ಮತ್ತೆ ಅಂಕಣಕ್ಕಿಳಿದ. ಹದಿನೈದನೆಯ ಪಂದ್ಯ. ಪುಸ್ತಕದಲ್ಲಿ ಉಳಿದದ್ದೆಲ್ಲ ಅದೇ.

ಅಷ್ಟರಲ್ಲಿ ಗರಡಿಯೂ ಖಾಲಿಯಾಗುತ್ತಾ ಬಂದಿತ್ತು. ನಾನು ಎಣಿಸಿಟ್ಟಿದ್ದೇನೆ. ಓದು ಶುರುವಾದಾಗ ಸಂಜೆಗೆ ಹನ್ನೊಂದು ಹುಡುಗರು ಬರುತ್ತಿದ್ದರು, ಮರುವರ್ಷ ಆರು. ಬಸ್ ಸ್ಟಾಂಡ್ ಕಡೆ ಗೋಡೆಗೆಲ್ಲ ಕನ್ನಡಿ ಹಾಕಿದ ಜಿಮ್ ತೆರೆದಿತ್ತು. 2000ದ ಜನವರಿಗೆ ಉಳಿದವರು ಇಬ್ಬರು. ಇಬ್ಬರಿಗಾಗಿ ಅವರು ದಿನವೂ ಮಟ್ಟಿ ಅಗೆಯುತ್ತಿದ್ದರು.

ಕೊನೆಯ ಪಂದ್ಯದ ಹದಿನಾಲ್ಕನೇ ಸುತ್ತಿನಲ್ಲಿ ಸುಣ್ಣದಣ್ಣನ ಎಡಗೈ ಮುರಿಯಿತು. ನಾನು ಓದಿದ ತಕ್ಷಣ ಅವರು ಹೊಸ್ತಿಲಿನ ಆಚೆಯಿಂದ ಕೈ ಚಾಚಿ ನನ್ನ ಎಡಗೈ ಹಿಡಿದು, ಕಿರುಬೆರಳಿನ ಬುಡದಿಂದ ಮಣಿಕಟ್ಟಿನ ಕಡೆಗೆ ಹೋಗುವ ಮೂಳೆಯನ್ನು ಹೆಬ್ಬೆರಳಲ್ಲಿ ಒತ್ತಿದರು. ಇದೇ, ಮುಷ್ಟಿ ಓರೆಯಾಗಿ ಬಿದ್ದರೆ ಇದೇ ಹೋಗುವುದು, ಕೂಡಿಕೊಳ್ಳಲು ಮೂರು ವಾರವಾದರೂ ಬೇಕು ಎಂದರು. ಅಲ್ಲಿಂದ ಮುಂದೆ ಪ್ರತಿ ಸುತ್ತಿಗೂ ಅವರ ಪ್ರಶ್ನೆ ಒಂದೇ. ಎಡಗೈ ಎಲ್ಲಿಟ್ಟುಕೊಂಡಿದ್ದಾನೆ? ನಾನು ಪುಸ್ತಕದಲ್ಲಿ ಹುಡುಕಿ ಹೇಳುತ್ತಿದ್ದೆ. ಎದೆಗೆ ಒತ್ತಿಕೊಂಡಿದ್ದಾನೆ ತಾತ. ಒಂದೇ ಕೈಯಲ್ಲಿ ಆಡುತ್ತಿದ್ದಾನೆ.

ಆ ತಿಂಗಳುಗಳಲ್ಲಿ ನಾನು ಮಾಡಿದ ಹುಡುಕಾಟದ ಪಟ್ಟಿಯೂ ಡೈರಿಯಲ್ಲಿದೆ. ಜಿಲ್ಲಾ ಗ್ರಂಥಾಲಯಕ್ಕೆ ಏಳು ಸಲ. ಬೆಂಗಳೂರಿನ ಹಳೇ ಪುಸ್ತಕದ ಅಂಗಡಿಗಳಿಗೆ ಮೂರು ಸಲ. ನಮ್ಮ ಇಂಗ್ಲಿಷ್ ಲೆಕ್ಚರರ್‌ಗೆ ಪುಸ್ತಕ ತೋರಿಸಿದೆ. ಅವರು ಪುಟ ತಿರುವಿ, ಹೆಸರಿಲ್ಲದವನನ್ನು ಎಲ್ಲಿ ಹುಡುಕುತ್ತೀಯಮ್ಮ, ಇಷ್ಟಕ್ಕೂ ಇದು ಸಿಲಬಸ್‌ನಲ್ಲಿ ಎಲ್ಲಿದೆ ಎಂದು ಹಿಂದಿರುಗಿಸಿದರು. ಕೊನೆಯ ಪುಟ ಹತ್ತಿರ ಬಂದಂತೆ ನಾನು ಕಳ್ಳಾಟ ಶುರುಮಾಡಿದೆ. ಪರೀಕ್ಷೆ ಎಂದೆ, ತಲೆನೋವು ಎಂದೆ, ಹಿಂದಿನ ಪಂದ್ಯವನ್ನು ಇನ್ನೊಮ್ಮೆ ಓದೋಣ ಎಂದೆ. ಸತ್ಯ ಹೇಳುವುದು ಒಂದು ವಾಕ್ಯದ ಕೆಲಸ. ತಾತ, ಇದರಲ್ಲಿ ಕೊನೆ ಇಲ್ಲ. ದಿನವೂ ಆ ವಾಕ್ಯ ಸಿದ್ಧಮಾಡಿಕೊಂಡು ಹೋಗುತ್ತಿದ್ದೆ. ಅವರು ಲಾಡಿ ಬಿಚ್ಚಿ ಕನ್ನಡಕ ತೆಗೆದು ಕೂತಿರುತ್ತಿದ್ದರು.

2000ದ ಫೆಬ್ರುವರಿ 9, ಬುಧವಾರ, 211ನೇ ಪುಟ ಮುಗಿಯಿತು. ನಮ್ಮ ನೂರಮೂವತ್ತನೆಯ ಕೂರುವಿಕೆ. ಮೂವತ್ತನೇ ಸುತ್ತಿನ ನಂತರ ಸುಣ್ಣದಣ್ಣ ಎದ್ದು ಬಂದು ಗೆರೆಯ ಹತ್ತಿರ ನಿಂತಿದ್ದ. ಮುಖ ಗುರುತು ಸಿಗದಷ್ಟು ಊದಿತ್ತು, ಆದರೂ ನಿಂತಿದ್ದ. ಅಲ್ಲಿಗೆ ಮುಚ್ಚಿದೆ. ನಾಳೆ ಮುಗಿಸಿಬಿಡೋಣ ಅವ್ವ, ಎದೆ ಹೊಡ್ಕೊಳ್ತೈತೆ ಎಂದರು. ಹತ್ತನೇ ತಾರೀಖು ನಾನು ಹೋಗಲಿಲ್ಲ. ಮನೆಯಲ್ಲಿ ನೆಂಟರಿದ್ದಾರೆಂದು ತಮ್ಮನ ಕೈಲಿ ಹೇಳಿಕಳಿಸಿದೆ. ಯಾವ ನೆಂಟರೂ ಇರಲಿಲ್ಲ. ಹನ್ನೊಂದನೇ ತಾರೀಖು ಬೆಳಗ್ಗೆ ಮಟ್ಟಿ ಅಗೆಯುತ್ತಿದ್ದಾಗ ಅವರಿಗೆ ಲಕ್ವ ಹೊಡೆಯಿತು. ಎಡಭಾಗ ಪೂರ್ತಿ ಹೋಯಿತು, ಮಾತೂ ಹೋಯಿತು. ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇಟ್ಟುಕೊಂಡು, ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಅವರ ಮಗಳು ಗುಬ್ಬಿಯಲ್ಲಿದ್ದ ತಮ್ಮ ಮನೆಗೆ ಕರೆದುಕೊಂಡು ಹೋದರು.

ನಾನು ಭಾನುವಾರಗಳಂದು ಹೋಗುತ್ತಿದ್ದೆ. ಹೋಗಿ ಮಾಡುವಂಥದ್ದು ಏನೂ ಇರಲಿಲ್ಲ. ಎಡಗೈಯನ್ನು ದಿಂಬಿನ ಮೇಲೆ ಇಟ್ಟಿರುತ್ತಿದ್ದರು, ಬೇರೆ ಯಾರದೋ ಕೈ ಮರೆತು ಬಿಟ್ಟುಹೋದ ಹಾಗೆ. ಊರೆಲ್ಲರ ಮೂಳೆ ಕೂರಿಸಿದವರ ಕೈಗೆ ದಿನವೂ ಯಾರೋ ಬಂದು ಎಣ್ಣೆ ಹಚ್ಚಿ ಹೋಗುತ್ತಿದ್ದರು, ಬೆರಳು ಅಲ್ಲಾಡಲಿಲ್ಲ. ನಾನು ಪುಸ್ತಕವನ್ನು ಒಯ್ಯುತ್ತಿರಲಿಲ್ಲ.

ಆಗಸ್ಟಿನಲ್ಲಿ ಮಾತು ತುಂಡುತುಂಡಾಗಿ ಹಿಂದಿರುಗಿತು. ಒಂದು ಭಾನುವಾರ ಮಗಳು ಬಾಗಿಲಲ್ಲೇ ಹೇಳಿದರು: "ನಾಲ್ಕ್ ದಿನದಿಂದ ಎದ್ದನಾ, ಎದ್ದನಾ ಅಂತಾರೆ ಕಣಮ್ಮ. ನಮ್ಮೆಜಮಾನ್ರನ್ನ ಕೇಳ್ತಾವ್ರೆ ಅಂತ, ಎದ್ದು ಕೆಲ್ಸಕ್ಕೋದ್ರಪ್ಪ ಅಂದ್ರೆ ಸಿಟ್ಟು ಮಾಡ್ತಾರೆ."

ಅವರು ಕೇಳುತ್ತಿದ್ದುದು ಸುಣ್ಣದಣ್ಣ ಮುಂದಿನ ಸುತ್ತಿಗೂ ಎದ್ದನಾ ಎಂದು, ಅವತ್ತು ಪುಸ್ತಕ ತಂದಿಲ್ಲ ಎಂದೆ. ಮುಂದಿನ ವಾರಗಳಲ್ಲೂ ಏನೇನೋ ನೆಪ ಹೇಳಿದೆ. ಸೆಪ್ಟೆಂಬರ್ 24ರ ಭಾನುವಾರ ಪುಸ್ತಕ ತೆಗೆದುಕೊಂಡು ಹೋದೆ. ಮಗಳು ಅವರನ್ನು ಎತ್ತಿ ಗೋಡೆಗೆ ಒರಗಿಸಿದರು. ಅವರು ಬಲಗೈಯಿಂದ ತಲೆಯ ಹಿಂದಿನ ಗಂಟನ್ನು ತಡಕಿದರು. ಒಂದೇ ಕೈಗೆ ಬಿಚ್ಚಲಾಗಲಿಲ್ಲ. ನಾನು ಬಿಚ್ಚಿದೆ.

212ನೇ ಪುಟ ಓದಿದೆ. ಮೂವತ್ತೊಂದನೇ ಸುತ್ತಿನಲ್ಲಿ ಹುಡುಗನ ಗುದ್ದು ದವಡೆಗೆ ಬಿತ್ತು. ಸುಣ್ಣದಣ್ಣ ಮೊದಲು ಮಂಡಿಯೂರಿದ, ಆಮೇಲೆ ಬೆನ್ನಡಿಯಾಗಿ ಬಿದ್ದ. ಇಬ್ಬರು ಅವನನ್ನು ಮೂಲೆಗೆ ಹೊತ್ತೊಯ್ದರು. ಒಬ್ಬ ಅವನ ಮುಖಕ್ಕೆ ನೀರೆರಚಿದ, ಇನ್ನೊಬ್ಬ ಕಿವಿಯಲ್ಲಿ ಅವನ ಮಗನ ಹೆಸರು ಕೂಗಿದ. ಮೂವತ್ತು ಸೆಕೆಂಡು ಮುಗಿಯಿತು. ಕಾಲ ನೋಡುವವನು ಕೈಯೆತ್ತಿದ. ಮೂಲೆಯಲ್ಲಿ ಅವನ ತಲೆ.

'ಅವನ ತಲೆ' ಎನ್ನುವಲ್ಲಿಗೆ ಪುಟ ಮುಗಿಯುತ್ತದೆ.

"ಮುಂದ್ಕೆ," ಎಂದರು ಉಸ್ತಾದರು.

ನಾನು ಪುಟ ತಿರುಗಿಸಿದ ಹಾಗೆ ಮಾಡಿದೆ. ಅವನ ತಲೆ ಮೇಲೆದ್ದಿತು ಎಂದು ಓದಿದೆ. ಇಲ್ಲದ ಪುಟದಿಂದ ಓದುತ್ತಿರುವ ಹಾಗೆ, ಅವನು ಹೊತ್ತವರನ್ನು ತಳ್ಳಿ ಎದ್ದು ನಿಂತ, ಗೆರೆಯ ಹತ್ತಿರ ಬಂದ, ಜನ ಕೂಗಿದರು ಎಂದೆ. ಹುಡುಗ ನುಗ್ಗಿ ಬಂದ. ಸುಣ್ಣದಣ್ಣ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಎಡಗೈಯಿಂದ ಒಂದೇ ಒಂದು ಗುದ್ದು ಕೊಟ್ಟ. ಹುಡುಗ ಬಿದ್ದ. ಅರ್ಧ ನಿಮಿಷವಾದರೂ ಏಳಲಿಲ್ಲ. ಸುಣ್ಣದಣ್ಣ ಗೆದ್ದ. ಮುಗಿಯಿತು ತಾತ.

ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ನಕ್ಕರು ಎನಿಸಿತು, ಬಾಯಿಯ ಬಲಭಾಗ ಮಾತ್ರ ಮೇಲೆ ಹೋಯಿತು. ಆಮೇಲೆ ಒಂದೊಂದೇ ಮಾತು ಹುಡುಕಿ ಹುಡುಕಿ ಹೇಳಿದರು.

"ಎಡಗೈ ಮುರ್ದಿತ್ತಲ್ಲವ್ವ."

ನನ್ನ ಬ್ಯಾಗಿನಲ್ಲೇ ಡೈರಿ ಇತ್ತು. ಅದರಲ್ಲಿ ನನ್ನದೇ ಅಕ್ಷರದಲ್ಲಿ ಸುತ್ತು 14, ಎಡಗೈ, ಕಿರುಬೆರಳ ಬುಡದ ಮೂಳೆ ಎಂದು ಬರೆದಿತ್ತು. ತಾರೀಖಿನ ಸಮೇತ. ಲೆಕ್ಕ ಇಡುವ ನಾನು ಅದನ್ನು ಹೇಗೆ ಮರೆತೆ? ಈಗ ಗೊತ್ತು, ಮರೆತಿರಲಿಲ್ಲ. ಸುಳ್ಳು ಹೇಳುವಾಗ ಪುಸ್ತಕ ನೋಡುವ ಧೈರ್ಯ ಸಾಲದೆ ದಿಂಬಿನ ಮೇಲಿದ್ದ ಅವರ ಕೈಯನ್ನು ನೋಡುತ್ತಿದ್ದೆ.

"ಇದ್ನ ನೋಡ್ಕೊಂಡು ಹೇಳ್ದೆ," ಎಂದು ಅವರು ಬಲಗೈಯಿಂದ ತಮ್ಮ ಎಡಗೈಯನ್ನು ಎತ್ತಿ ತೋರಿಸಿ, ಮತ್ತೆ ಮೆಲ್ಲಗೆ ದಿಂಬಿನ ಮೇಲೆ ಇಟ್ಟರು. ಮಟ್ಟಿಯ ಮೇಲೆ ಆ ಹುಡುಗನನ್ನು ಇಟ್ಟ ಹಾಗೆ.

ಪುಸ್ತಕ ಕೊಟ್ಟೆ. ಕೊನೆಯ ಪುಟ ಮುಟ್ಟಿದರು, ಹರಿದ ಹೊಲಿಗೆಯ ದಾರ ಬೆರಳಿಗೆ ಸಿಕ್ಕಿತು. ಅದನ್ನು ಬಹಳ ಹೊತ್ತು ತಿರುವುತ್ತಿದ್ದರು. ಮೊದಲ ದಿನದಿಂದ ಗೊತ್ತಿತ್ತು ಎಂದು ನಾನು ಒಪ್ಪಿಕೊಂಡೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಡೈರಿ ತೆಗೆ ಎಂದು ಸನ್ನೆ ಮಾಡಿದರು. ತೆಗೆದೆ. ಪಂದ್ಯಗಳ ಪಟ್ಟಿ ಇರುವ ಪುಟ ತೆಗೆಸಿದರು. ಬೆರಳು ಕುಣಿಗಲ್ಲಿನ ಸಾಲಿಗೆ ಬಂದು ನಿಂತಿತು.

"ಎರಡೂ ತಾಗಿತ್ತು ಕಣವ್ವ. ಎರಡೂ ಹೆಗ್ಲು. ಬರ್ಕೊ."

ಮಗಳು ಒಲೆಯ ಹತ್ತಿರದಿಂದ ತಿರುಗಿ ನೋಡಿದರು. ಮೂವತ್ತೊಂಬತ್ತು ವರ್ಷ ಅವರ ಮನೆಯಲ್ಲಿ ಒಂದು ಹೆಗಲಿನ ಕಥೆಯೇ ನಡೆದು ಬಂದಿತ್ತು. ನಾನು ಬರೆಯಲಿಲ್ಲ. ಅವರು ಬೆರಳು ತೆಗೆಯಲಿಲ್ಲ.

"ನಿನ್ ಪುಸ್ತಕ್ದಾಗೆ ಸುಳ್ಳಿರಬಾರ್ದು," ಎಂದರು.

ಪ್ರಶ್ನೆಚಿಹ್ನೆ ಹೊಡೆದುಹಾಕಿ ಸೋಲು ಎಂದು ಬರೆದೆ. ಆ ಅಕ್ಷರ ಈಗಲೂ ಸೊಟ್ಟಗಿದೆ.

ಐದೂ ಮುಕ್ಕಾಲಿಗೆ ತುಮಕೂರಿನ ಬಸ್ಸು. ಐದೂವರೆ ಆಗಿತ್ತು. ಸುಣ್ಣದಣ್ಣ ಬಿದ್ದಿದ್ದ, ಅವರ ಪದ್ಧತಿಯಂತೆ ನಾನು ಏಳುವಂತಿರಲಿಲ್ಲ. ಕೂತೇ ಇದ್ದೆ. ಇನ್ನೂ ಎಷ್ಟು ಹೊತ್ತು ಕೂತರೆ ಅವನು ಏಳುತ್ತಾನೆ? ಅವರಿಗೆ ಅದು ಅರ್ಥವಾಯಿತು. ಗಡಿಯಾರದ ಕಡೆ ಕಣ್ಣು ತಿರುಗಿಸಿ, "ಹೋಗವ್ವ, ಬಸ್ ಹೋಗುತ್ತೆ," ಎಂದರು. ಬಸ್ಸಿಗೆ ಹೊತ್ತಾಯಿತೆಂದು ಹೊರಟ ಹುಡುಗನನ್ನು ತಿಂಗಳು ಹೊರಗಿಟ್ಟವರು ನನ್ನನ್ನು ತಾವೇ ಕಳಿಸಿದರು. ನಾನು ಹೋದೆ.

ಆಮೇಲೂ ಪ್ರತಿ ಭಾನುವಾರ ಹೋಗುತ್ತಿದ್ದೆ. ಪುಸ್ತಕ ಅವರ ದಿಂಬಿನ ಕೆಳಗೇ ಇತ್ತು. ಅದರ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. 2001ರ ಜನವರಿ 7ರ ಭಾನುವಾರ ಬಸ್ಸಿಳಿದು ಬೀದಿ ತಿರುಗಿದಾಗ ಅವರ ಮನೆ ಮುಂದೆ ಜನ ನಿಂತಿದ್ದರು. ಬೆಳಗಿನ ಜಾವ ಹೋದರಂತೆ. ಇಡೀ ವಾರ ಚೆನ್ನಾಗಿದ್ದರು, ರಾಗಿ ಅಂಬಲಿ ಕೇಳಿ ಕುಡಿದಿದ್ದರು ಎಂದು ಮಗಳು ಮತ್ತೆ ಮತ್ತೆ ಹೇಳಿದರು.

ಹೆಣವನ್ನು ತುಮಕೂರಿಗೆ ತಂದರು. ಮಟ್ಟಿಯ ಮಣ್ಣನ್ನು ಎದೆಗೆ ಹಚ್ಚದೆ ಪೈಲ್ವಾನರನ್ನು ಕಳಿಸುವುದಿಲ್ಲ. ಹಳೆಯ ಹುಡುಗರು ನಾಲ್ಕು ಜನ ಬೀಗ ತೆಗೆಸಿ ಒಳಗೆ ಹೋದರು. ನಾನು ಹೊಸ್ತಿಲಿನ ಈಚೆ ನಿಂತಿದ್ದೆ. ಹನ್ನೊಂದು ತಿಂಗಳು ಯಾರೂ ಅಗೆಯದ ಮಣ್ಣು ಸಿಮೆಂಟಿನಂತಾಗಿತ್ತು. ಕೈಗೆ ಬರಲಿಲ್ಲ, ಗುದ್ದಲಿ ಹಾಕಿದರೆ ಠಣ್ಣೆಂದಿತು. ಕೊನೆಗೆ ಹಾರೆ ತಂದು ಮೀಟಿ ತೆಗೆದರು. ಪುಡಿಯಾಗದ ಹೆಂಟೆಯನ್ನೇ ಅವರ ಎದೆಯ ಮೇಲೆ ಇಟ್ಟರು.

ಪುಸ್ತಕವನ್ನು ಮಗಳು ನನಗೇ ಕೊಟ್ಟರು. ಅದರೊಳಗೆ ಗುರುತಿಗೆಂದು ಕನ್ನಡಕದ ಲಾಡಿ ಇಟ್ಟಿತ್ತು, 212ರಲ್ಲಿ ಅಲ್ಲ, 211ರಲ್ಲಿ. ಅವನು ಇನ್ನೂ ನಿಂತಿರುವ ಪುಟದಲ್ಲಿ.

ಹುಡುಕುವುದನ್ನು ನಾನು ಬಿಟ್ಟಿಲ್ಲ. 2003ರಿಂದ ಸೈಬರ್ ಸೆಂಟರುಗಳಲ್ಲಿ ಕೂತು ನೋಡಿದ್ದು ನಲವತ್ತೊಂದು ಸಲ. ಸುಣ್ಣ ಎಂದು ಹಾಕಿದರೆ ಸುಣ್ಣದ ಕಾರ್ಖಾನೆಗಳು ಬರುತ್ತವೆ, ಚಾಂಪಿಯನ್ ಎಂದು ಹಾಕಿದರೆ ಹೆಸರಿರುವವರು ಬರುತ್ತಾರೆ. ಪುಟದ ಒಂದು ಸಾಲನ್ನು ಇದ್ದಂತೆಯೇ ಟೈಪ್ ಮಾಡಿದರೆ ಏನೂ ಬರುವುದಿಲ್ಲ. ನನ್ನ ಪಟ್ಟಿಯಲ್ಲಿ ಸುಣ್ಣದಣ್ಣನ ಹದಿನೈದನೇ ಪಂದ್ಯದ ಮುಂದೆ ಜಾಗ ಖಾಲಿ ಇದೆ. ಅಲ್ಲಿ ಪ್ರಶ್ನೆಚಿಹ್ನೆಯನ್ನೂ ಹಾಕಿಲ್ಲ.

ಸುಣ್ಣದ ಗೂಡಿನಲ್ಲಿ ದುಡಿದು ಚಾಂಪಿಯನ್ ಆದ, ನಲವತ್ತೊಂದನೇ ವಯಸ್ಸಿನಲ್ಲಿ ಎಡಗೈ ಮುರಿದರೂ ಮೂವತ್ತೊಂದು ಸುತ್ತು ಆಡಿದ ಆ ಬಾಕ್ಸರ್ ಯಾರೆಂದು, ಅಥವಾ 213ನೇ ಪುಟ ಇರುವ ಪುಸ್ತಕ ಎಲ್ಲಿದೆಯೆಂದು ಓದುವವರಲ್ಲಿ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿ. ಎದ್ದನೆಂದಿದ್ದರೆ ಎದ್ದನೆಂದು, ಏಳಲಿಲ್ಲವೆಂದಿದ್ದರೆ ಏಳಲಿಲ್ಲವೆಂದು. ನನ್ನ ಸಮಾಧಾನಕ್ಕೆಂದು ಏನನ್ನೂ ಸೇರಿಸಬೇಡಿ, ಅದನ್ನು ನಾನೇ ಮಾಡಿ ನೋಡಿದ್ದೇನೆ. ಗರಡಿಗೆ ಈಗ ಬೀಗ ಹಾಕಿದೆ, ಹೊಸ್ತಿಲ ಕಲ್ಲು ಇದೆ. ಉತ್ತರ ಬಂದ ದಿನ ಸಂಜೆ ಐದೂ ಕಾಲಿಗೆ ಅದರ ಈಚೆ ಕೂತು ಗಟ್ಟಿಯಾಗಿ ಓದುತ್ತೇನೆ. ಬಿದ್ದವನನ್ನು ಬಿಟ್ಟು ಬಂದವಳು ನಾನು.